ಸೂಕ್ಷ್ಮಾಣುವಿನ ಲೋಹಪರೀಕ್ಷೆ

ಮಡಂತ್ಯಾರಿನ ಸುತ್ತಮುತ್ತ ಬಾವಿ ತೋಡಿದಲ್ಲೆಲ್ಲ ಮುರಕಲ್ಲು. ಆ ಕಲ್ಲಿನ ಕೆಂಪು ಕಬ್ಬಿಣದ ಕೆಂಪೆಂಬುದು ಸರ್ವವಿದಿತ. ಆದರೂ ಈ ಮಣ್ಣಿನ ಬ್ಯಾಕ್ಟೀರಿಯಗಳಿಗೆ ಕಬ್ಬಿಣವು ಸುಲಭವಾಗಿ ದಕ್ಕುವುದಿಲ್ಲ. ತುಕ್ಕಿನ ರೂಪದ ಕಬ್ಬಿಣ ನೀರಿನಲ್ಲಿ ಕರಗದು. ಕರಗದುದು ಕೋಶದೊಳಗೆ ಸೇರದು. ಆದಕಾರಣ ಅನೇಕ ಬ್ಯಾಕ್ಟೀರಿಯಗಳು ‘ಸಿಡೆರೊಫೋರ್’ ಎಂಬ ದ್ರವ್ಯವನ್ನು ಹೊರಸೂಸಿ, ಅದು ಹಿಡಿದ ಕಬ್ಬಿಣವನ್ನು ಒಳಕ್ಕೆಳೆದುಕೊಳ್ಳುತ್ತವೆ. ಒಳಗೆ ಸಾಕಷ್ಟು ಸೇರಿತೆಂದರೆ, ಕಬ್ಬಿಣವನ್ನು ಧರಿಸಿದ ‘ಫರ್’ ಎಂಬ ಪ್ರೋಟೀನು ಡಿಎನ್‌ಎಯ ನಿಯತ ಸ್ಥಾನದಲ್ಲಿ ಕುಳಿತು ಆ ದ್ರವ್ಯದ ತಯಾರಿಯನ್ನೇ ತಡೆಯುತ್ತದೆ.

ಇದು ಕಬ್ಬಿಣ, ಇದು ತಾಮ್ರ ಎಂದು ಕೋಶವು ವಿಂಗಡಿಸುವುದೆಂತು? ಭಾಷೆಯೇ ಇಲ್ಲಿ ತೊಡಕಿಗೆ ಸಿಲುಕಿದೆ: ‘ಲೋಹ’ ಶಬ್ದವು ಮೊದಲು ಕೆಂಪನ್ನೂ ತಾಮ್ರವನ್ನೂ ಸೂಚಿಸಿ, ಮುಂದೆ ಕಬ್ಬಿಣಕ್ಕೂ ಕಡೆಗೆ ಸಕಲ ಧಾತುಗಳಿಗೂ ಸಂದಿತು. ಬಿಗಿಯಾಗಿ ಅಂಟಿದುದೇ ಬೇಕಾದ ಲೋಹವೆನ್ನುವಂತೆಯೂ ಇಲ್ಲ. ಇರ್ವಿಂಗ್ ಮತ್ತು ವಿಲಿಯಮ್ಸ್ 1953ರಲ್ಲಿ ವಿವರಿಸಿದ ಕ್ರಮದಂತೆ, ಮ್ಯಾಂಗನೀಸ್, ಕಬ್ಬಿಣ, ಕೋಬಾಲ್ಟ್, ನಿಕ್ಕಲ್, ತಾಮ್ರ ಎಂದು ಹಿಡಿತ ಏರುತ್ತ ಹೋಗಿ ಸತುವಿನಲ್ಲಿ ಇಳಿಯುತ್ತದೆ. ತಾಮ್ರವನ್ನು ಸ್ವೇಚ್ಛೆಯಾಗಿ ಬಿಟ್ಟರೆ ಅದು ಉಳಿದೆಲ್ಲ ಲೋಹಗಳ ಪೀಠಗಳನ್ನು ಆಕ್ರಮಿಸೀತು.

ಇದಕ್ಕೆ ಕೋಶದ ಒಂದು ಉಪಾಯ, ಪೀಠದ ಆಕಾರ. ಕರುಳಿನಲ್ಲಿ ವಾಸಿಸುವ ಈ. ಕೊಲೈ ಬ್ಯಾಕ್ಟೀರಿಯದ ತಾಮ್ರಗ್ರಾಹಿ ಪ್ರೋಟೀನಿನಲ್ಲಿ ಎದುರುಬದುರಾದ ಎರಡು ಗಂಧಕದ ಪರಮಾಣುಗಳ ನಡುವೆ ತಾಮ್ರದ ಒಂದು ಅಯಾನು ನೆಟ್ಟಗೆ ಕೂರುತ್ತದೆ. ಸಾಮಾನ್ಯವಾಗಿ ನಾಲ್ಕು ಕಡೆಯ ಆಸರೆ ಬಯಸುವ ಸತುವಿಗೆ ಆ ಸ್ಥಳ ಒಗ್ಗದು. ಬೆಳ್ಳಿ, ಚಿನ್ನಗಳು ಮಾತ್ರ ಅದನ್ನು ವಂಚಿಸಬಲ್ಲವು. ಒರೆಗಲ್ಲು ಹಿಡಿದ ಅಕ್ಕಸಾಲಿಗನು ಕೇಳಿದರೆ ನಕ್ಕಾನು!

ಇನ್ನೊಂದು ಉಪಾಯ, ಮಿತಿ. ಕೋಶದೊಳಗೆ ಬಿಡಿ ತಾಮ್ರದ ಒಂದೇ ಅಯಾನು ಇದ್ದರೂ ಈ ಪ್ರೋಟೀನಿಗೆ ಅದು ಅತಿಯೆಂದು 2003ರ ಸಂಶೋಧನೆ ತೋರಿಸಿತು. ಒಡನೆಯೇ ಅದು ಡಿಎನ್‌ಎಯನ್ನು ತಿರುಚಿ, ತಾಮ್ರವನ್ನು ಹೊರದೂಡುವ ಪಂಪಿನ ನಿರ್ಮಾಣಕ್ಕೆ ಚಾಲನೆ ಕೊಡುತ್ತದೆ.

ಇಷ್ಟು ಎಚ್ಚರವಿದ್ದರೂ ನಮ್ಮ ಮನೆಗಳ ತಾಮ್ರದ ಕೊಡದಲ್ಲಿ ಅದು ಸೋಲುತ್ತದೆ. ಬೆಂಗಳೂರಿನ ವಿದ್ವಾಂಸರು 2012ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಕಾಲರಾ, ಆಮಶಂಕೆ, ವಿಷಮಶೀತ ಜ್ವರಗಳ ಬ್ಯಾಕ್ಟೀರಿಯಗಳನ್ನೂ ಭೇದಿ ತರುವ ಈ. ಕೊಲೈಯನ್ನೂ ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇರಿಸಿದ ಮೇಲೆ, ಅವುಗಳಲ್ಲಿ ಒಂದೂ ಮತ್ತೆ ಬೆಳೆಯಲಿಲ್ಲ. ನೀರಿಗೆ ಇಳಿದ ತಾಮ್ರವಾದರೋ ಲೀಟರಿಗೆ ಒಂದು ಮಿಲಿಗ್ರಾಮಿನ ಐದನೆಯ ಒಂದು ಪಾಲಿಗೂ ಕಡಿಮೆ. ಮನುಷ್ಯರಿಗೆ ನಿಗದಿಪಡಿಸಿದ ಮಿತಿಯೊಳಗೇ ಇತ್ತು. ಪಂಪಿನ ಶಕ್ತಿಯನ್ನು ಮೀರಿ ಒಳನುಗ್ಗಿದ ತಾಮ್ರವು, ಕೋಶದ ಪ್ರೋಟೀನುಗಳಲ್ಲಿ ಕಬ್ಬಿಣ ಗಂಧಕಗಳು ಕೂಡಿದ ಗುಚ್ಛಗಳನ್ನು ಒಡೆದು, ಕಬ್ಬಿಣವನ್ನು ಎಬ್ಬಿಸಿ ತಾನು ಆ ಸ್ಥಳದಲ್ಲಿ ಕೂರುತ್ತದೆ.