ಓಟಿನ ದಿನದ ಕೂಲಿ

2024ರ ಮೇ 6, ಸೋಮವಾರ ಸಂಜೆ. ಬೆಂಗಳೂರಿನ ಮಜೆಸ್ಟಿಕ್ ಬಸ್ ನಿಲ್ದಾಣಕ್ಕೆ ಸುರಪುರ, ಶಹಾಪುರ, ಯಾದಗಿರಿ ಬೋರ್ಡಿನ ಬಸ್ಸುಗಳು ಬಂದು ನಿಲ್ಲುವ ಮೊದಲೇ ಜನ ಜತೆಜತೆಗೆ ಓಡುತ್ತಿದ್ದರು. ಕಿಟಕಿಯಿಂದ ಟವೆಲ್ಲು ತೂರಿ ಸೀಟು ಹಿಡಿದರು. ಕೂಸನ್ನು ಕಿಟಕಿಯಲ್ಲೇ ಒಳಗೆ ದಾಟಿಸಿ, ತಾಯಿ ಬಾಗಿಲಿನ ನೂಕುನುಗ್ಗಲಿಗೆ ನುಗ್ಗಿದಳು. ಗೌಂಡಿಗಳು, ಸೆಂಟ್ರಿಂಗ್ ಕೆಲಸದವರು, ಇಟ್ಟಿಗೆ ಹೊರುವವರು. ತೊಳೆದರೂ ಹೋಗದ ಸಿಮೆಂಟು ಹಿಮ್ಮಡಿಯ ಬಿರುಕಿನಲ್ಲಿ ಬೆಳ್ಳಗೆ ಉಳಿದಿತ್ತು.

ಬೆಂಗಳೂರಿನ ಮತದಾನ ಏಪ್ರಿಲ್ 26ಕ್ಕೇ ಮುಗಿದಿತ್ತು. ಉತ್ತರ ಕರ್ನಾಟಕವೂ ಸೇರಿ ಉಳಿದ 14 ಲೋಕಸಭಾ ಕ್ಷೇತ್ರಗಳ ಸರದಿ ಮರುದಿನ ಬೆಳಿಗ್ಗೆ ಏಳಕ್ಕೆ. ಸುರಪುರದವರಿಗೆ ಅದೇ ದಿನ ವಿಧಾನಸಭೆಯ ಉಪಚುನಾವಣೆಯೂ ಇದ್ದುದರಿಂದ ಎರಡು ಓಟು. ಆದರೆ ದಾರಿ ಸುಮಾರು 500 ಕಿಲೋಮೀಟರು.

ಕಂಬಕ್ಕೆ ಒರಗಿ ಕೂತಿದ್ದ ಹೆಂಗಸೊಬ್ಬಳು ಎಲೆಅಡಿಕೆ ಚೀಲದಿಂದ ವೋಟರ್ ಕಾರ್ಡು ತೆಗೆದು ನೋಡಿ ಮತ್ತೆ ಒಳಗಿಟ್ಟಳು. ಮೂಲೆ ಸವೆದು ಫೋಟೊ ಅರ್ಧ ಅಳಿಸಿತ್ತು. ಶಕ್ತಿ ಯೋಜನೆಯಲ್ಲಿ ಅವಳಿಗೆ ಟಿಕೆಟ್ಟಿನ ಖರ್ಚಿಲ್ಲ, ಗಂಡನಿಗೆ ಮಾತ್ರ ಕೊಡಬೇಕು. “ಓಟ್ ಹಾಕ್ಲಾಕ ಹೊಂಟೀವ್ರಿ ಅಣ್ಣಾರ. ಮೇಸ್ತ್ರಿ ಹೋಗ್ರಿ ಅಂದಾನ. ಪಗಾರ ಮಾತ್ರ ಕೊಡಂಗಿಲ್ಲಂತ,” ಎಂದಳು. ಅದರಲ್ಲಿ ದೂರು ಇರಲಿಲ್ಲ. ಕೆಲಸಕ್ಕೆ ಹೋಗದ ದಿನಕ್ಕೆ ಕೂಲಿ ಎಲ್ಲಿಂದ ಬರಬೇಕು ಎಂಬ ರೂಢಿಯ ಮಾತಷ್ಟೇ ಅದು.

ಕೂಲಿ ಬರಲೇಬೇಕು ಎನ್ನುತ್ತದೆ ಕಾನೂನು. 1951ರ ಜನಪ್ರಾತಿನಿಧ್ಯ ಕಾಯ್ದೆಗೆ 1996ರಲ್ಲಿ ಸೇರಿಸಿದ ಕಲಂ 135ಬಿ ಪ್ರಕಾರ, ವ್ಯಾಪಾರವಿರಲಿ, ಕಾರ್ಖಾನೆಯಿರಲಿ, ಬೇರಾವ ಸಂಸ್ಥೆಯಿರಲಿ, ಅಲ್ಲಿ ದುಡಿಯುವ ಮತದಾರರಿಗೆ ಮತದಾನದ ದಿನ ರಜೆ ಕೊಡಬೇಕು, ಸಂಬಳ ಹಿಡಿಯಕೂಡದು. ರಜೆಯ ದಿನಕ್ಕೆ ಸಾಮಾನ್ಯವಾಗಿ ಕೂಲಿ ಸಿಗದಂಥವರಿಗೂ, ಆ ದಿನ ಕೆಲಸ ಮಾಡಿದ್ದರೆ ಎಷ್ಟು ಸಿಗುತ್ತಿತ್ತೋ ಅಷ್ಟನ್ನು ಕೊಡಬೇಕು. ದಿನಗೂಲಿಯವರನ್ನು ಕಾನೂನು ಮರೆತಿಲ್ಲ. ಗೈರಾದರೆ ಅಪಾಯವೋ ಭಾರಿ ನಷ್ಟವೋ ಆಗುವಂಥ ಕೆಲಸಗಳಿಗೆ ಮಾತ್ರ ವಿನಾಯಿತಿ.

ಕೆಲಸದ ಜಾಗದಲ್ಲಿ ಅಂದು ಮತದಾನ ಇಲ್ಲದಿದ್ದರೂ ಈ ಹಕ್ಕು ತಪ್ಪುವುದಿಲ್ಲ ಎಂದು ಚುನಾವಣಾ ಆಯೋಗ ಸ್ಪಷ್ಟಪಡಿಸಿದೆ. ಬೆಂಗಳೂರಿನ ಕಟ್ಟಡದಲ್ಲಿ ಇಟ್ಟಿಗೆ ಹೊರುವ ಸುರಪುರದವಳಿಗೆ, ಬೆಂಗಳೂರು ಎಂದಿನಂತೆ ದುಡಿಯುತ್ತಿದ್ದ ಮೇ 7ರ ಮಂಗಳವಾರದ ಕೂಲಿಯೂ ಸಲ್ಲಬೇಕು.

ಅದು ತಪ್ಪುವುದು ಮೇಸ್ತ್ರಿಯ ಹಾಜರಿ ಪುಸ್ತಕದಲ್ಲಿ. ಬಂದವರ ಹೆಸರಿನ ಮುಂದೆ ಒಂದು ಗೀಟು, ಬಾರದವರ ಮುಂದೆ ಖಾಲಿ ಮನೆ. ವಾರದ ಬಟವಾಡೆಯಲ್ಲಿ ಎಣಿಸುವುದು ಗೀಟುಗಳನ್ನು ಮಾತ್ರ. ಕಟ್ಟಡದ ಮಾಲೀಕ ಗುತ್ತಿಗೆದಾರನನ್ನು ತೋರಿಸುತ್ತಾನೆ, ಗುತ್ತಿಗೆದಾರ ಮೇಸ್ತ್ರಿಯನ್ನು. ಮೇಸ್ತ್ರಿಯೂ ಅದೇ ಬಸ್ಸಿಗೆ ಓಡಿದವನೇ. ರಜೆ ಕೊಟ್ಟು, ಬದಲಿಗೆ ಭಾನುವಾರ ಬನ್ನಿ ಎನ್ನುವ ಕಡೆಗಳೂ ಇವೆ. ಹಾಗೆ ಕೊಟ್ಟದ್ದು ಸಾಲ, ರಜೆಯಲ್ಲ.

ಇನ್ನು ಶಿಕ್ಷೆ. ತಪ್ಪಿದ ಮಾಲೀಕನಿಗೆ ಕಾಯ್ದೆ ವಿಧಿಸುವ ದಂಡ ಹೆಚ್ಚೆಂದರೆ 500 ರೂಪಾಯಿ. ಅಷ್ಟಕ್ಕೆ ಯಾವ ಗುತ್ತಿಗೆದಾರನೂ ಹೆದರುವುದಿಲ್ಲ. ಸಂಬಳ ಕಡಿತವಾಗದ ಜನ ಹೆಚ್ಚಿರುವ ಬೆಂಗಳೂರಿನ ಉತ್ತರ, ಕೇಂದ್ರ, ದಕ್ಷಿಣ ಕ್ಷೇತ್ರಗಳಲ್ಲಿ ಏಪ್ರಿಲ್ 26ರಂದು ಮತದಾನ ಶೇ. 54ರ ಆಸುಪಾಸಿನಲ್ಲೇ ನಿಂತಿತು. ಈ ಬಸ್ ನಿಲ್ದಾಣದಲ್ಲೋ, ಕೂಲಿ ಕಳೆದುಕೊಂಡು, ರಾತ್ರಿಯಿಡೀ ನಿಂತು ಪಯಣಿಸಲು ಜನ ತಯಾರಿದ್ದರು. ಇವರ ಒಂದು ದಿನದ ಪಗಾರವನ್ನೂ ಉಳಿಸಿಕೊಡಲಾಗದ ವ್ಯವಸ್ಥೆಯನ್ನು ಒಪ್ಪಲು ನನ್ನಿಂದಾಗದು.

ಕಾನೂನು ಕೊಡುವುದು ಮತದಾನದ ಒಂದೇ ದಿನ, ಹೋಗಿಬರುವ ದಿನಗಳನ್ನಲ್ಲ. ಆ ನಷ್ಟ ಹೇಗೂ ಅವರದೇ. ನೀವು ಮನೆ ಕಟ್ಟಿಸುತ್ತಿದ್ದರೆ, ಅಂಗಡಿ, ಗ್ಯಾರೇಜು, ಹೋಟೆಲು ನಡೆಸುತ್ತಿದ್ದರೆ, ಮುಂದಿನ ಚುನಾವಣೆಯ ದಿನಾಂಕ ಪ್ರಕಟವಾದ ಕೂಡಲೇ ನಿಮ್ಮಲ್ಲಿ ದುಡಿಯುವವರ ಓಟು ಯಾವ ಊರಲ್ಲಿದೆ, ಅಲ್ಲಿ ಮತದಾನ ಯಾವತ್ತು ಎಂದು ಕೇಳಿ ಬರೆದುಕೊಳ್ಳಿ. ಆ ದಿನದ ಕೂಲಿಯನ್ನು, ಅವರು ಬಸ್ಸು ಹತ್ತುವ ಮೊದಲೇ ಕೈಗೆ ಕೊಡಿ.