ಒಬ್ಬರ ಮಾತು ಸಾಲದ ನಾಡು

ಏಕಾಂತದಲ್ಲಿ ನಡೆದ ಅಪರಾಧಕ್ಕೆ ಸಾಕ್ಷಿ ಯಾರು? ನೊಂದವರೊಬ್ಬರು, ನೋಯಿಸಿದವನೊಬ್ಬನು, ಮೂರನೆಯವರಿಲ್ಲ. ಈ ಪ್ರಶ್ನೆಯು ಎಲ್ಲ ದೇಶಗಳ ನ್ಯಾಯಸ್ಥಾನಗಳನ್ನೂ ಕಾಡತಕ್ಕದ್ದೇ. ಆದರೆ ಸ್ಕಾಟ್ಲೆಂಡಿನಲ್ಲಿ ಇದರ ತೊಡಕು ಹೆಚ್ಚು. 1707ರಲ್ಲಿ ಇಂಗ್ಲೆಂಡಿನೊಡನೆ ಒಂದಾದಾಗಲೂ ಆ ನಾಡಿನವರು ತಮ್ಮ ನ್ಯಾಯಪದ್ಧತಿಯನ್ನು ಬಿಟ್ಟುಕೊಡಲಿಲ್ಲವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಸಾಕ್ಷಿಯು ಎಷ್ಟೇ ಸತ್ಯವಂತನಾಗಿರಲಿ, ಅವನೊಬ್ಬನ ಮಾತಿನಿಂದಲೇ ಯಾರನ್ನೂ ಅಪರಾಧಿಯೆಂದು ನಿರ್ಣಯಿಸಕೂಡದೆಂಬುದು ಅಲ್ಲಿಯ ನಿಯಮ. ಅಪರಾಧವು ನಡೆಯಿತೆಂಬುದಕ್ಕೂ, ಮಾಡಿದವನು ಆಪಾದಿತನೇ ಎಂಬುದಕ್ಕೂ, ಸ್ವತಂತ್ರವಾದ ಎರಡು ಮೂಲಗಳಿಂದ ಸಾಕ್ಷ್ಯವು ದೊರೆಯಬೇಕು. ಎರಡನೆಯದು ಕಣ್ಣಾರೆ ಕಂಡವರ ಮಾತೇ ಆಗಬೇಕೆಂದಿಲ್ಲ. ಗಾಯವೋ, ರಕ್ತದ ಕಲೆಯೋ, ಬೆರಳಚ್ಚೋ ಆದೀತು. (ಕೆಂಪು ದೀಪವನ್ನು ಲೆಕ್ಕಿಸದೆ ಗಾಡಿ ಓಡಿಸಿದವನಿಗೆ ಮಾತ್ರ ಒಬ್ಬ ಪೋಲೀಸಿನವನ ಮಾತೇ ಸಾಕು! ಶಾಸನವು ಅಲ್ಲಿ ವಿನಾಯಿತಿ ಕೊಟ್ಟಿದೆ.)

ಆಪಾದಿತನೇ ತಪ್ಪೊಪ್ಪಿಕೊಂಡರೂ ಅದೊಂದೇ ಸಾಲದು. ಆದರೆ ಮಾಡಿದವನಿಗಲ್ಲದೆ ತಿಳಿಯಲಾರದ ಸಂಗತಿಯನ್ನು ಅವನು ತೋರಿಸಿಕೊಟ್ಟರೆ ಬೇರೆ ಮಾತು. ಹಲವು ಕೊಲೆಗಳನ್ನು ಮಾಡಿದ ಪೀಟರ್ ಮ್ಯಾನುಯೆಲ್ ಎಂಬವನು ತಾನು ಹೂತಿದ್ದ ಹುಡುಗಿಯ ಶವವಿದ್ದ ಹೊಲಕ್ಕೆ ಪೋಲೀಸರನ್ನು ತಾನೇ ಕರೆದೊಯ್ದನು. ಆ ನೆಲವೇ ಅವನ ಮಾತಿಗೆ ಎರಡನೆಯ ಸಾಕ್ಷಿಯಾಯಿತು. 1958ರಲ್ಲಿ ಅವನನ್ನು ಗಲ್ಲಿಗೇರಿಸಿದರು.

ಮಾನಭಂಗದ ಮೊಕದ್ದಮೆಗಳಲ್ಲಿ ಇಂತಹ ಅನುಕೂಲವೆಲ್ಲಿಂದ ಬರಬೇಕು? ಗ್ಲಾಸ್ಗೋದ ಮೂರೊವ್ ಎಂಬ ಜವಳಿ ವರ್ತಕನು ತನ್ನ ಅಂಗಡಿಯ ಕೆಲಸದ ಹೆಂಗಸರ ಮೇಲೆ ಕೈಮಾಡುತ್ತಿದ್ದನು. ಒಬ್ಬೊಬ್ಬಳೂ ಒಂಟಿಯಾಗಿದ್ದಾಗ ನಡೆದುದು. ಒಬ್ಬೊಬ್ಬಳಿಗೂ ಅವಳ ಮಾತೊಂದೇ ಆಧಾರ. 1930ರಲ್ಲಿ ಉಚ್ಚ ನ್ಯಾಯಸ್ಥಾನವು ಒಂದು ದಾರಿಯನ್ನು ಖಚಿತಪಡಿಸಿತು: ಕಾಲ, ರೀತಿ, ಸಂದರ್ಭಗಳಲ್ಲಿ ಹತ್ತಿರದ ಸಂಬಂಧವಿದ್ದು, ಎಲ್ಲವೂ ಒಂದೇ ನಡವಳಿಕೆಯ ಎಳೆಗಳೆಂದು ಕಂಡರೆ, ಒಬ್ಬಳ ಮಾತಿಗೆ ಇನ್ನೊಬ್ಬಳ ಮಾತು ಪುಷ್ಟಿಯಾಗಬಹುದು. ಅಪರಿಚಿತರಾದ ಹೆಂಗಸರು ಹೀಗೆ ಒಬ್ಬರಿಗೊಬ್ಬರು ಆಸರೆಯಾದರು. ಆದರೆ ಒಬ್ಬಳೇ ನೊಂದಿದ್ದರೆ? ಅವಳಿಗೆ ಆ ದಾರಿಯಿಲ್ಲ.

ಆದುದರಿಂದ ನಿಯಮವನ್ನೇ ತೆಗೆದುಹಾಕಬೇಕೆಂದು ಲಾರ್ಡ್ ಕಾರ್ಲೋವೇ ಎಂಬ ನ್ಯಾಯಾಧೀಶರು 2011ರಲ್ಲಿ ಸೂಚಿಸಿದರು. ನಿರಪರಾಧಿಗೆ ಕಾವಲೇನೆಂದು ವಕೀಲರು ಗಟ್ಟಿಯಾಗಿ ವಿರೋಧಿಸಿದರು. 2015ರಲ್ಲಿ ಸರ್ಕಾರವು ಆ ಯೋಚನೆಯನ್ನು ಕೈಬಿಟ್ಟಿತು. ವಿರೋಧವು ಹುರುಳಿಲ್ಲದ್ದೆಂದು ನಾನು ಹೇಳಲಾರೆ. ಹದಿನೈದು ಮಂದಿ ಜ್ಯೂರಿಯಲ್ಲಿ ಎಂಟು ಮಂದಿ ಒಪ್ಪಿದರೆ ಶಿಕ್ಷೆಯಾಗುತ್ತಿದ್ದ ಕಾಲವದು. 2025ರ ಕಾಯಿದೆಯು ಆ ಎಂಟನ್ನು ಹತ್ತಕ್ಕೆ ಏರಿಸಿ, ‘ರುಜುವಾತಾಗಿಲ್ಲ’ ಎಂಬ ವಿಚಿತ್ರವಾದ ಮೂರನೆಯ ತೀರ್ಪನ್ನೂ ರದ್ದುಮಾಡಿತು.

ಎರಡು ಮೂಲಗಳ ನಿಯಮವು ಮಾತ್ರ ಉಳಿದಿದೆ. ಅದರ ಅರ್ಥವು ಸಡಿಲವಾಗಿದೆ. ಘಟನೆಯ ಬೆನ್ನಿಗೇ ಇತರರು ಕಂಡ ಅವಳ ಸಂಕಟವು ಪುಷ್ಟಿಯಾಗಬಲ್ಲದೆಂದು 2023ರಲ್ಲಿ ಏಳು ಮಂದಿ ನ್ಯಾಯಾಧೀಶರು ತೀರ್ಪಿತ್ತರು. ಆ ಗಳಿಗೆಯಲ್ಲಿ ಅವಳು ಆಡಿದ ಮಾತೂ ಹಾಗೆಯೇ ಎಂದು 2024ರಲ್ಲಿ ತೀರ್ಮಾನವಾಯಿತು. ಅಳುತ್ತ ಮನೆಗೆ ಬಂದ ಮಗಳ ಮಾತನ್ನು ಕೇಳಿದ ತಾಯಿಯು ಈಗ ಆ ನ್ಯಾಯಸ್ಥಾನದಲ್ಲಿ ಎರಡನೆಯ ಸಾಕ್ಷಿಯಾಗಿ ನಿಲ್ಲಬಲ್ಲಳು.