ಕೌದಿ ಗೋಡೆಯ ಪಂಕ್ ಸ್ಟುಡಿಯೊ

‘ಪಾಸ್‌ಪೋರ್ಟ್ ಸೈಜ್ ಫೋಟೊಗೆ ಎಷ್ಟಪ್ಪಾ?’

ನಾನು ಸ್ಟುಡಿಯೊ ಇಟ್ಟಿದ್ದೇನೆ ಎಂದು ಅತ್ತೆ ಯಾರಿಗೋ ಹೇಳಿದ್ದೇ ತಡ, ಎದುರುಮನೆಯ ತಾತ ಮರುದಿನವೇ ಇಸ್ತ್ರಿ ಶರ್ಟ್ ತೊಟ್ಟು ಮೆಟ್ಟಿಲು ಹತ್ತಿ ಬಂದಿದ್ದರು. ಒಳಗೆ ನೋಡಿದರೆ ಕ್ಯಾಮೆರಾನೇ ಇಲ್ಲ. ಗೋಡೆ ತುಂಬ ಕೌದಿ, ನೆಲದ ತುಂಬ ಕೇಬಲ್, ಮೂಲೆಯಲ್ಲಿ ಡ್ರಮ್ ಸೆಟ್, ಅದರ ಹಿಂದೆ ಬನಿಯನ್‌ನಲ್ಲಿ ಬೆವರುತ್ತಾ ಕೂತ ಒಬ್ಬ ಹುಡುಗ. ತಾತ ಒಂದು ನಿಮಿಷ ನಿಂತು, ‘ಓ, ಆರ್ಕೆಸ್ಟ್ರಾನಾ...’ ಎಂದು ಇಳಿದು ಹೋದರು. ಆರ್ಕೆಸ್ಟ್ರಾ ಅಲ್ಲ ತಾತ, ಪಂಕ್ ಎಂದು ಹೇಳಲು ಬಾಯಿ ತೆರೆದವನು ಸುಮ್ಮನಾದೆ. ನಮ್ಮಪ್ಪನಿಗೇ ಇನ್ನೂ ಅರ್ಥ ಮಾಡಿಸಲು ಆಗಿಲ್ಲ.

ನಾನು ಹಾವೇರಿ ಕಡೆಯವನು. ಬೆಂಗಳೂರಿನಲ್ಲಿ ಬಿಇ ಓದುತ್ತಿದ್ದೇನೆ, ಎಲೆಕ್ಟ್ರಾನಿಕ್ಸ್, ಐದನೇ ಸೆಮಿಸ್ಟರ್. ಹನುಮಂತನಗರದ ಸೋದರಮಾವನ ಮನೆಯಲ್ಲಿ ವಾಸ. ಆ ಮನೆಯ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ, ಹಳೆಯ ಟಿವಿ, ಮುರಿದ ಮಂಚ ತುಂಬಿಟ್ಟಿದ್ದ ಒಂದು ಕೋಣೆ ಇತ್ತು. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ. ಮಾವ ಎರಡು ಷರತ್ತು ಹಾಕಿ ಬಿಟ್ಟುಕೊಟ್ಟರು. ರಾತ್ರಿ ಎಂಟರ ಮೇಲೆ ಸದ್ದು ಕೇಳಬಾರದು, ಕಾಲೇಜಿನಲ್ಲಿ ಅಟೆಂಡೆನ್ಸ್ ಶಾರ್ಟೇಜ್ ಬರಬಾರದು. ಮೊದಲನೆಯದನ್ನು ಪಾಲಿಸಿದ್ದೇನೆ.

ಪಂಕ್ ಎಂದರೆ ನೆಟ್ಟಗೆ ನಿಲ್ಲಿಸಿದ ಬಣ್ಣದ ಕೂದಲು ಎಂದುಕೊಂಡವರೇ ಹೆಚ್ಚು. ಎಪ್ಪತ್ತರ ದಶಕದ ನಡುವಿನಲ್ಲಿ ನ್ಯೂಯಾರ್ಕ್, ಲಂಡನ್‌ಗಳಲ್ಲಿ ಎದ್ದ ಈ ಸಂಗೀತದ ಮಾತು ಸರಳ: ಮೂರು ಕಾರ್ಡ್ ಬಂದರೆ ಸಾಕು, ಹೇಳಬೇಕಾದ್ದನ್ನು ಎರಡು ನಿಮಿಷದಲ್ಲಿ ಹೇಳಿ ಮುಗಿಸು. ರಮೋನ್ಸ್ ತಂಡದ 1976ರ ಮೊದಲ ಆಲ್ಬಮ್‌ನಲ್ಲಿ ಹದಿನಾಲ್ಕು ಹಾಡುಗಳಿವೆ, ಎಲ್ಲ ಸೇರಿದರೂ ಅರ್ಧ ಗಂಟೆ ದಾಟುವುದಿಲ್ಲ. ನನಗೆ ಅದಕ್ಕಿಂತ ಹತ್ತಿರದ್ದು ಮ್ಯಾಂಚೆಸ್ಟರಿನ ಬಝ್‌ಕಾಕ್ಸ್ ಕಥೆ. ಅವರು ಮನೆಯವರಿಂದ, ಸ್ನೇಹಿತರಿಂದ 500 ಪೌಂಡ್ ಸಾಲ ಮಾಡಿ, 1976ರ ಡಿಸೆಂಬರ್‌ನಲ್ಲಿ ಒಂದೇ ದಿನ ನಾಲ್ಕು ಹಾಡು ರೆಕಾರ್ಡ್ ಮಾಡಿದರು. ಯಾವ ಕಂಪನಿಯನ್ನೂ ಕಾಯದೆ ತಾವೇ ‘ಸ್ಪೈರಲ್ ಸ್ಕ್ರಾಚ್’ ಎಂದು ಹೆಸರಿಟ್ಟು 1977ರ ಜನವರಿಯಲ್ಲಿ ಹೊರತಂದರು. ಅದರ ಕವರ್ ಮೇಲೆ ಯಾವ ಹಾಡು ಎಷ್ಟನೇ ಟೇಕ್ ಎನ್ನುವುದನ್ನೂ ಅಚ್ಚು ಹಾಕಿದ್ದರು. ಹೇಗೆ ಮಾಡಿದೆವು ಎನ್ನುವುದರಲ್ಲಿ ಮುಚ್ಚುಮರೆ ಇಲ್ಲ. ಇದನ್ನು ಆಗಲೇ ಓದಿದ್ದೆ. ಓದಿದ್ದು ತಲೆಗೆ ಹೋಗಿರಲಿಲ್ಲ ಎನ್ನುವುದು ಮುಂದೆ ನಿಮಗೇ ಗೊತ್ತಾಗುತ್ತದೆ.

ಬೆಂಗಳೂರು ಮೊದಲಿನಿಂದಲೂ ಮೆಟಲ್ ಊರು. 2007ರಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಬಂದು ನುಡಿಸಿದಾಗ ನನಗೆ ಎರಡು ವರ್ಷ. ಪಂಕ್ ಬ್ಯಾಂಡ್‌ಗಳು ಇಲ್ಲಿ ಕಡಿಮೆ. ಇರುವವರೂ ಗ್ಯಾರೇಜು, ಕಾಲ್ ಸೆಂಟರು, ಕಾಲೇಜುಗಳ ನಡುವೆ ಬಿಡುವು ಮಾಡಿಕೊಂಡು ನುಡಿಸುವ ಹುಡುಗರು. ದೊಡ್ಡ ಸ್ಟುಡಿಯೊಗಳ ಗಂಟೆ ಬಾಡಿಗೆ ಕೇಳಿಯೇ ವಾಪಸ್ ಬರುತ್ತಾರೆ. ನಾನು ಗಂಟೆಗೆ ಇನ್ನೂರು ರೂಪಾಯಿ ತೆಗೆದುಕೊಳ್ಳುತ್ತೇನೆ. ಇಲ್ಲ ಎಂದರೆ ಇದ್ದಷ್ಟು. ಒಂದು ಬ್ಯಾಂಡ್ ಹಳೆಯ ಮೈಕ್ ಸ್ಟ್ಯಾಂಡ್ ಕೊಟ್ಟು ಲೆಕ್ಕ ಚುಕ್ತಾ ಮಾಡಿತು. ಆ ಸ್ಟ್ಯಾಂಡಿನ ಒಂದು ಕಾಲು ಈಗಲೂ ನಿಲ್ಲುವುದಿಲ್ಲ, ಇಟ್ಟಿಗೆ ಕೊಟ್ಟಿದ್ದೇನೆ.

ಶುರುವಿನಲ್ಲಿ ಎಲ್ಲರಂತೆ ನಾನೂ ಮೋಸ ಹೋದದ್ದು ಮೊಟ್ಟೆ ಟ್ರೇಗಳಿಂದ. ಅಂಗಡಿಗಳಿಂದ ಬೇಡಿ ತಂದು ಗೋಡೆಗೆಲ್ಲ ಅಂಟಿಸಿದೆ. ಸದ್ದು ಹೊರಗೆ ಹೋಗುವುದು ಒಂದಿಷ್ಟೂ ಕಡಿಮೆಯಾಗಲಿಲ್ಲ, ಜಿರಲೆ ಮಾತ್ರ ಬಂದವು. ಸದ್ದು ಹೊರಗೆ ಹೋಗದಂತೆ ತಡೆಯಲು ಭಾರ ಬೇಕು, ಗಾಳಿ ನುಸುಳುವ ಸಂದಿಗಳನ್ನು ಮುಚ್ಚಬೇಕು. ಒಳಗಿನ ಪ್ರತಿಧ್ವನಿ ಇಂಗಬೇಕಾದರೆ ದಪ್ಪನೆಯ, ಸಡಿಲ ಎಳೆಯ ವಸ್ತು ಬೇಕು. ತೆಳು ರಟ್ಟಿನ ಟ್ರೇ ಎರಡಕ್ಕೂ ಆಗಿಬರುವುದಿಲ್ಲ. ದಸರೆಗೆ ಊರಿಗೆ ಹೋದಾಗ ಅಟ್ಟದ ಮೇಲೆ ಅಮ್ಮಮ್ಮ ಹೊಲಿದಿಟ್ಟ ಕೌದಿಗಳು ಕಂಡವು. ಹಳೆಯ ಸೀರೆ, ಪಂಚೆ, ನನ್ನ ಒಂದನೇ ಕ್ಲಾಸಿನ ಯೂನಿಫಾರ್ಮ್ ಎಲ್ಲ ಸೇರಿಸಿ ಪದರ ಪದರವಾಗಿ ಹೊಲಿದದ್ದು. ಐದು ಕೌದಿ ಹೊತ್ತು ತಂದು, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಜೋತು ಹಾಕಿದೆ. ಸಿಂಬಲ್‌ನ ಚುಚ್ಚುವ ಸದ್ದು ಆವತ್ತೇ ಮೆತ್ತಗಾಯಿತು.

ಆದರೆ ಕೌದಿಗೂ ಜಗ್ಗದ್ದು ಬೇಸ್. ನಮ್ಮ ಕೋಣೆಯ ಹತ್ತು ಅಡಿ ಅಗಲಕ್ಕೆ ಲೆಕ್ಕ ಹಾಕಿದರೆ, ಎದುರುಬದುರು ಗೋಡೆಗಳ ನಡುವೆ ಸುಮಾರು 56 ಹರ್ಟ್ಜ್‌ನ ಅಲೆ ಸಿಕ್ಕಿಹಾಕಿಕೊಳ್ಳುತ್ತದೆ. ಬೇಸ್ ಗಿಟಾರಿನ ‘ಎ’ ತಂತಿಯ ಸ್ವರ 55 ಹರ್ಟ್ಜ್. ಯಾರೇ ಆ ತಂತಿ ಮೀಟಿದರೂ ಕೋಣೆಗೆ ಕೋಣೆಯೇ ‘ಹೂಂ’ ಎನ್ನುತ್ತದೆ, ಟ್ಯೂಬ್‌ಲೈಟ್ ಚೋಕ್ ನಡುಗುತ್ತದೆ. ಬೇರೆ ಸ್ವರಗಳಿಗೆ ಆ ಮರ್ಯಾದೆ ಇಲ್ಲ. ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್‌ನಲ್ಲಿ ಬ್ಯಾಕ್‌ಲಾಗ್ ಇಟ್ಟುಕೊಂಡವನು ಕಾಗದದ ಮೇಲೆ ಈ ಲೆಕ್ಕ ಬಿಡಿಸಿ, ಅದು ಕಿವಿಗೆ ಸರಿಯಾಗಿ ಕೇಳಿಸಿದಾಗ ಆದ ಖುಷಿ ಯಾವ ಲ್ಯಾಬ್‌ನಲ್ಲೂ ಆಗಿರಲಿಲ್ಲ.

ನನ್ನ ಹತ್ತಿರ ಇರುವುದು ಒಂದು ಲ್ಯಾಪ್‌ಟಾಪ್, ನಾಲ್ಕು ಮೈಕ್ ಹಿಡಿಯುವ ಸೆಕೆಂಡ್ ಹ್ಯಾಂಡ್ ಇಂಟರ್‌ಫೇಸ್, ಅಷ್ಟೆ. ಡ್ರಮ್‌ಗೆ ಮೂರು ಮೈಕ್. ಮೇಲಿನ ಎರಡೂ ಮೈಕ್ ಸ್ನೇರ್‌ನಿಂದ ಒಂದೇ ದೂರದಲ್ಲಿರಬೇಕು. ಸದ್ದು ಒಂದು ಮೀಟರ್ ದಾಟಲು ಸುಮಾರು ಮೂರು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಒಂದು ಮೈಕ್ ಹತ್ತಿರ, ಇನ್ನೊಂದು ದೂರ ಆದರೆ ಎರಡರ ಅಲೆಗಳು ಒಂದನ್ನೊಂದು ತಿಂದು, ಸ್ನೇರ್ ಸದ್ದು ಖಾಲಿ ಡಬ್ಬದಂತಾಗುತ್ತದೆ. ಅತ್ತೆಯ ಹೊಲಿಗೆ ಟೇಪ್ ಹಿಡಿದು ಅಳೆಯುವುದನ್ನು ನೋಡಿ ಬ್ಯಾಂಡಿನವರು, ‘ಮಗಾ, ಬ್ಲೌಸ್ ಹೊಲಿತೀಯಾ?’ ಎಂದು ನಗುತ್ತಾರೆ.

ಕಳೆದ ವರ್ಷ ಬಂದ ಒಂದು ಬ್ಯಾಂಡ್‌ನ ಮಾತನ್ನೇ ಹೇಳಬೇಕೆಂದು ಈ ಬರಹಕ್ಕೆ ಕೂತದ್ದು. ಮೂವರು. ಕನ್ನಡದಲ್ಲೇ ಹಾಡುತ್ತಿದ್ದರು. ಟ್ಯಾಂಕರ್ ನೀರಿನ ಮೇಲೆ, ಪಿಜಿ ಅನ್ನದ ಮೇಲೆ, ಕೊನೆಯ ಬಸ್ಸಿನ ಮೇಲೆ. ಡ್ರಮ್ ಬಾರಿಸುತ್ತಿದ್ದವನು ರಾಣೆಬೆನ್ನೂರಿನವನು, ಮೈಸೂರು ರಸ್ತೆಯ ಒಂದು ಗ್ಯಾರೇಜಿನಲ್ಲಿ ಬೈಕ್ ಮೆಕ್ಯಾನಿಕ್. ನಮ್ಮ ಕಡೆಯವನೆಂದು ನಾನು ಅಣ್ಣಾ ಎನ್ನುತ್ತಿದ್ದೆ. ಉಗುರಲ್ಲಿ ಗ್ರೀಸ್ ಇರುತ್ತಿತ್ತು. ಕೌದಿ ಮುಟ್ಟುವ ಮುಂಚೆ ಕೈ ಒರೆಸಿಕೊಂಡು, ‘ನಮ್ಮವ್ವನೂ ಹಿಂಗ ಹೊಲೀತಾಳ’ ಅಂದಿದ್ದ.

ಒಂದು ಭಾನುವಾರ ನಾಲ್ಕು ಹಾಡಿನ ಡ್ರಮ್ ರೆಕಾರ್ಡ್ ಮಾಡಿದೆವು. ಟ್ಯಾಂಕರ್ ಹಾಡಿನ ಕೊನೆಯ ಹೊಡೆತ ಬೀಳುವುದಕ್ಕೂ ಕೆಳಗೆ ಅತ್ತೆಯ ಕುಕ್ಕರ್ ಮೂರನೇ ಸೀಟಿ ಹೊಡೆಯುವುದಕ್ಕೂ ಸರಿಹೋಯಿತು. ಬಿದ್ದು ಬಿದ್ದು ನಕ್ಕೆವು, ಹಾಗೇ ಇರಲಿ ಎಂದೆವು. ಅಣ್ಣನದ್ದು ಒಂದು ಅಭ್ಯಾಸವಿತ್ತು. ಮೂರನೇ ಚರಣಕ್ಕೆ ಬರುವಾಗ ಅವನ ವೇಗ ಏರುತ್ತಿತ್ತು. ನಿಮಿಷಕ್ಕೆ 184 ಬೀಟ್‌ನಲ್ಲಿ ಶುರುವಾದದ್ದು 196ರ ಹತ್ತಿರ ಹೋಗಿ ಮುಟ್ಟುತ್ತಿತ್ತು. ಅವರು ಹೋದ ಮೇಲೆ ಸ್ಕ್ರೀನ್ ನೋಡಿದರೆ ಬೀಟ್‌ಗಳೆಲ್ಲ ಗೆರೆಯಿಂದ ಆಚೀಚೆ. ನನ್ನೊಳಗಿನ ಎಂಜಿನಿಯರ್ ಎದ್ದು ಕೂತ. ಎರಡು ರಾತ್ರಿ ನಿದ್ದೆಗೆಟ್ಟು ಒಂದೊಂದು ಹೊಡೆತವನ್ನೂ ಎಳೆದು ಗೆರೆಯ ಮೇಲೆ ಕೂರಿಸಿದೆ. ಯಾರೂ ಕೇಳಿರಲಿಲ್ಲ. ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಮುಂದಿನ ವಾರಗಳಲ್ಲಿ ಅದರ ಮೇಲೆಯೇ ಗಿಟಾರ್, ಬೇಸ್, ಹಾಡುಗಾರಿಕೆ ಎಲ್ಲ ಆಯಿತು. ಅಷ್ಟರಲ್ಲಿ ಲ್ಯಾಪ್‌ಟಾಪ್ ತುಂಬಿತ್ತು. ಇಂಟರ್ನಲ್ಸ್ ಹತ್ತಿರ ಬಂದಿತ್ತು, ಲ್ಯಾಬ್‌ನ ಸಾಫ್ಟ್‌ವೇರ್ ಹಾಕಿಕೊಳ್ಳಬೇಕಿತ್ತು. ಸರಿಪಡಿಸಿದ ಡ್ರಮ್ ಅನ್ನು ಹೊಸ ಫೈಲ್ ಮಾಡಿಕೊಂಡು, ರೀಪರ್ ಸಾಫ್ಟ್‌ವೇರ್‌ನಲ್ಲಿ ಬಳಕೆಯಲ್ಲಿಲ್ಲದ ಫೈಲ್‌ಗಳನ್ನು ತೆಗೆದುಹಾಕುವ ಆಯ್ಕೆ ಒತ್ತಿದೆ. ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿದೆ.

ಪೂರ್ತಿ ಹಾಡು ಕೇಳಿಸಿದ ದಿನ ಅಣ್ಣ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದ. ಮೂರನೇ ಚರಣ ಬಂತು, ಹೋಯಿತು. ಹೆಡ್‌ಫೋನ್ ತೆಗೆದು, ‘ತಮ್ಮಾ, ಇದನ್ನ ಯಾರ್ ಬಾರಿಸ್ಯಾರ?’ ಎಂದ.

ನೀನೇ ಅಣ್ಣಾ ಎಂದೆ.

‘ನಾ ಅಲ್ಲ ಬಿಡು. ಅಲ್ಲಿ ಸಿಟ್ಟು ಬರಬೇಕಲ್ಲೋ. ಇಂವಗ ಸಿಟ್ಟ ಬಂದಿಲ್ಲ.’

ಬೈದಿದ್ದರೆ ಚೆನ್ನಾಗಿತ್ತು. ಅವನು ಬೈಯಲಿಲ್ಲ, ಮೊದಲಿನದ್ದು ಹಾಕು ಎಂದನಷ್ಟೆ. ಮೊದಲಿನದ್ದು ಇರಲಿಲ್ಲ. ಅಳಿಸಿದ ಫೈಲ್ ಹುಡುಕುವ ಸಾಫ್ಟ್‌ವೇರ್‌ಗಳನ್ನೆಲ್ಲ ಹಾಕಿ ನೋಡಿದೆ. ಎಸ್‌ಎಸ್‌ಡಿಯಲ್ಲಿ ಅಳಿಸಿದ ಜಾಗವನ್ನು ಕಂಪ್ಯೂಟರೇ ಆಗಾಗ ಗುಡಿಸಿ ಸಾರಿಸಿಬಿಡುತ್ತದೆ, ಏನೂ ಸಿಗಲಿಲ್ಲ. ಸೆಮಿಸ್ಟರ್ ಮುಗಿಯಲಿ, ಮತ್ತೆ ಬಾರಿಸೋಣ ಎಂದುಕೊಂಡೆವು.

ಪರೀಕ್ಷೆಯ ನಡುವೆಯೇ ಅವನ ಅಪ್ಪನಿಗೆ ಲಕ್ವಾ ಹೊಡೆಯಿತು. ಗ್ಯಾರೇಜ್ ಬಿಟ್ಟು ಊರಿಗೆ ಹೋದ. ಅಲ್ಲಿ ಅಪ್ಪನ ಕಿರಾಣಿ ಅಂಗಡಿ ನೋಡಿಕೊಳ್ಳಬೇಕಿತ್ತು. ಡ್ರಮ್ ಸೆಟ್ ಮಾರಿದ. ಕೊಂಡವನ ಟೆಂಪೊಗೆ ಅದನ್ನು ಏರಿಸಿದ್ದು ನಾನೇ. ಬ್ಯಾಂಡ್ ಅಲ್ಲಿಗೇ ನಿಂತಿತು.

ಅಮೆರಿಕದ ಸ್ಟೀವ್ ಆಲ್ಬಿನಿ ಬಗ್ಗೆ ಗಂಭೀರವಾಗಿ ಓದಿದ್ದು ಇದೆಲ್ಲ ಆದ ಮೇಲೆ. ನಿರ್ವಾಣದ ‘ಇನ್ ಯುಟೆರೊ’ ರೆಕಾರ್ಡ್ ಮಾಡಿದ ಈ ಷಿಕಾಗೊದವರು 2024ರ ಮೇ ತಿಂಗಳಲ್ಲಿ ತೀರಿಕೊಂಡರು. ನಿರ್ಮಾಪಕ ಎನಿಸಿಕೊಳ್ಳಲು ಅವರು ಒಪ್ಪುತ್ತಿರಲಿಲ್ಲ. ರಾಯಲ್ಟಿ ಬೇಡ, ಪ್ಲಂಬರ್‌ಗೆ ಕೊಡುವ ಹಾಗೆ ಕೆಲಸಕ್ಕೆ ತಕ್ಕ ಕೂಲಿ ಕೊಡಿ ಎಂದು ಆ ಬ್ಯಾಂಡಿಗೆ ಪತ್ರವನ್ನೇ ಬರೆದಿದ್ದರು. ಪ್ಲಂಬರ್ ಬಂದು ನಲ್ಲಿ ರಿಪೇರಿ ಮಾಡುತ್ತಾನೆ, ನಿಮ್ಮ ಮನೆಯ ನೀರಿನ ರುಚಿ ಬದಲಿಸುವುದಿಲ್ಲ. ಇದು ನನ್ನ ವ್ಯಾಖ್ಯಾನ, ಅವರದಲ್ಲ. ಹೀಗಂತ ಎಡಿಟ್ ಮಾಡುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಮೊನ್ನೆ ಒಬ್ಬ ಗಾಯಕಿ ತಾನೇ ಕೇಳಿ ಒಂದು ಸಾಲನ್ನು ಸರಿ ಮಾಡಿಸಿಕೊಂಡಳು, ಮಾಡಿಕೊಟ್ಟೆ. ಅಣ್ಣ ನನ್ನನ್ನು ಕೇಳಿರಲಿಲ್ಲ.

ಈಗ ಎಲ್ಲ ಟೇಕ್‌ಗಳೂ ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ, ‘ಮುಟ್ಟಬೇಡ’ ಎಂಬ ಫೋಲ್ಡರ್‌ನಲ್ಲಿ ಇರುತ್ತವೆ. ಒಂದು ನನ್ನ ಹತ್ತಿರ, ಇನ್ನೊಂದು ಅತ್ತೆಯ ಬೀರುವಿನಲ್ಲಿ. ಎರಡನೆಯ ಡಿಸ್ಕ್ ದುಡ್ಡಿಗೆ ನಾಲ್ಕು ತಿಂಗಳು ಸಂಜೆ ಹುಡುಗರಿಗೆ ಗಣಿತ ಟ್ಯೂಷನ್ ಹೇಳಿದೆ.

ಎರಡು ತಿಂಗಳ ಹಿಂದೆ ಫೋನ್ ಮೆಮೊರಿ ಖಾಲಿ ಮಾಡುವಾಗ ಒಂದು ಆಡಿಯೊ ಸಿಕ್ಕಿತು. ಆ ಭಾನುವಾರ ಮೈಕ್ ಹೊಂದಿಸುವಾಗ ಫೋನನ್ನು ಕಿಟಕಿಯ ಮೇಲಿಟ್ಟು ರೆಕಾರ್ಡ್ ಒತ್ತಿ ಮರೆತಿದ್ದೆ. ಬೇಸ್ ಡ್ರಮ್ ಕೇಳುವುದೇ ಇಲ್ಲ, ಸಿಂಬಲ್ ಕರಕರ ಒಡೆದಿದೆ, ನಡುವೆ ನೀರಿನ ಮೋಟರ್ ಬೇರೆ. ಆದರೆ ಮೂರನೇ ಚರಣದಲ್ಲಿ ಅಣ್ಣನಿಗೆ ಸಿಟ್ಟು ಬರುತ್ತದೆ. ಆಮೇಲೆ ಕುಕ್ಕರ್ ಸೀಟಿ, ನಮ್ಮ ನಗು.

ಅವನಿಗೆ ವಾಟ್ಸ್‌ಆ್ಯಪ್ ಮಾಡಿದೆ. ನೀಲಿ ಟಿಕ್ ಬಂತು, ಉತ್ತರ ಇಲ್ಲ. ಮರುದಿನ ರಾತ್ರಿ ಹತ್ತಕ್ಕೆ ಒಂದು ವಾಯ್ಸ್ ನೋಟ್ ಬಂತು. ಮಾತಿಲ್ಲ. ಯಾವುದೋ ತಗಡಿನ ಡಬ್ಬದ ಮೇಲೆ ಬೆರಳಲ್ಲಿ ಅದೇ ಹಾಡು. ಯಾರೋ ‘ಅರ್ಧ ಕೇಜಿ ಸಕ್ಕರಿ’ ಎಂದದ್ದು ನಡುವೆ ಕೇಳುತ್ತದೆ, ಬಾರಿಸುವುದು ನಿಲ್ಲುತ್ತದೆ.

ಅದನ್ನೂ ಎರಡೂ ಡಿಸ್ಕ್‌ಗೆ ಹಾಕಿದ್ದೇನೆ. ಬರುವ ಭಾನುವಾರ ಯಲಹಂಕದಿಂದ ಹೊಸ ಹುಡುಗರು ಬರುತ್ತಿದ್ದಾರೆ, ಕೌದಿ ಬಿಸಿಲಿಗೆ ಹಾಕಬೇಕು.